ಬಾಯಿಮಾತು ಬೇಡ, ಠರಾವು ಬರೆಯಿರಿ: ಶಾಲೆ ಕುರಿತು ಓದುಗರ ಪ್ರಶ್ನೋತ್ತರ

ಈ ಸಲದ ಪ್ರಶ್ನೆಗಳೆಲ್ಲ ಉತ್ತರ ಕನ್ನಡದವು. ಕೇಳಿದವರ ಹೆಸರು, ಶಾಲೆಯ ಹೆಸರು ಬಿಟ್ಟಿದ್ದೇವೆ. ಉತ್ತರಕ್ಕೆ ಮೊದಲು ಒಂದು ಮಾತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಈ ಕಂದಾಯ ಜಿಲ್ಲೆ ಎರಡು ಶೈಕ್ಷಣಿಕ ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರಿಗೆ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಕಚೇರಿ ಕಾರವಾರದಲ್ಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಕಡೆಯವರಿಗೆ ಶಿರಸಿಯಲ್ಲಿ. ಜೋಯಿಡಾದ ಅರ್ಜಿ ಜಿಲ್ಲಾಕೇಂದ್ರ ಎಂದು ಕಾರವಾರಕ್ಕೆ ಹೋದರೆ ಅಲ್ಲಿಂದ ತಿರುಗಿ ಶಿರಸಿಗೆ ಬರುವಷ್ಟರಲ್ಲಿ ವಾರಗಳು ಕಳೆಯುತ್ತವೆ.

ನಮ್ಮದು 1ರಿಂದ 5ನೇ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 24 ಮಕ್ಕಳಿದ್ದಾರೆ. ಇಬ್ಬರು ಶಿಕ್ಷಕರಲ್ಲಿ ಒಬ್ಬರು ವರ್ಗವಾಗಿ ಹೋದರು, ಬದಲಿಗೆ ಯಾರೂ ಬಂದಿಲ್ಲ. ಇರುವ ಅಕ್ಕೋರು ತರಬೇತಿ, ಮೀಟಿಂಗು ಎಂದು ಹೋದ ದಿನ ಶಾಲೆಗೆ ಬೀಗ. ಊರವರೇ ದುಡ್ಡು ಒಟ್ಟು ಮಾಡಿ, ಡಿ.ಎಡ್ ಆದ ಊರಿನ ಹುಡುಗಿಯೊಬ್ಬಳನ್ನು ಇಟ್ಟುಕೊಳ್ಳೋಣ ಎನ್ನುತ್ತಿದ್ದಾರೆ. ಸರಿಯೇ?
– ಒಬ್ಬ ಪಾಲಕರು, ಶಿರಸಿ ತಾಲೂಕು

ದುಡ್ಡು ಒಟ್ಟು ಮಾಡುವ ಮೊದಲು ಕಾಗದ ಬರೆಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯಲ್ಲಿ ಲೆಕ್ಕ ಸ್ಪಷ್ಟವಾಗಿದೆ. 1ರಿಂದ 5ನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 24 ಮಕ್ಕಳಿಗೆ 30ಕ್ಕೊಬ್ಬರಂತೆ ಒಬ್ಬರು ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮಕ್ಕಳು ಎಷ್ಟೇ ಕಡಿಮೆ ಇರಲಿ, ಐದು ತರಗತಿಗೆ ಒಬ್ಬರೇ ಸಾಕು ಎಂದು ಈ ಅನುಸೂಚಿ ಎಲ್ಲಿಯೂ ಹೇಳಿಲ್ಲ. ಒಂದು ಶಾಲೆಯ ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎನ್ನುವುದು 26ನೇ ಕಲಂ. ನಿಮ್ಮಲ್ಲಿ ಅರ್ಧವೇ ಖಾಲಿ.

ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಸಿ. ಠರಾವಿನಲ್ಲಿ ‘ಶಿಕ್ಷಕರ ಕೊರತೆ ಇದೆ, ದಯಮಾಡಿ ಪರಿಹರಿಸಿ’ ಎಂದಷ್ಟೇ ಬರೆದರೆ ಅದು ಕಡತ ಸೇರಿ ಅಲ್ಲೇ ಉಳಿಯುತ್ತದೆ. ತರಗತಿವಾರು ಮಕ್ಕಳ ಸಂಖ್ಯೆ, ಮಂಜೂರಾದ ಹುದ್ದೆ ಎಷ್ಟು, ಯಾವ ದಿನಾಂಕದಿಂದ ಖಾಲಿ, ಯಾವ ಯಾವ ದಿನ ಪಾಠ ನಡೆದಿಲ್ಲ, ಇಷ್ಟನ್ನು ದಿನಾಂಕ ಸಮೇತ ಬರೆಯಿರಿ. ಬೇಡಿಕೆ ಮೂರೂ ಬಿಡಿಬಿಡಿಯಾಗಿರಲಿ. ಕೂಡಲೇ ಹತ್ತಿರದ ಶಾಲೆಯಿಂದ ಒಬ್ಬರ ನಿಯೋಜನೆ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರ ಮಂಜೂರಾತಿ. ಮುಂದಿನ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಈ ಹುದ್ದೆಯನ್ನು ಖಾಲಿ ಪಟ್ಟಿಯಲ್ಲಿ ತೋರಿಸುವುದು. ಒಂದು ಬೇಡಿಕೆಗೆ ‘ಸಾಧ್ಯವಿಲ್ಲ’ ಎಂದು ಉತ್ತರ ಬಂದರೂ ಉಳಿದೆರಡು ಜೀವಂತ ಇರುತ್ತವೆ.

ಠರಾವಿನ ನಕಲು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಲಿ. ಇನ್ನೊಂದು ನಕಲನ್ನು ನೀವೇ ಒಯ್ದು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಇದನ್ನು ತಪ್ಪಿಸಲೇಬೇಡಿ. ಎರಡು ವಾರದಲ್ಲಿ ಏನೂ ಆಗದಿದ್ದರೆ ಅದೇ ಠರಾವು, ಸ್ವೀಕೃತಿಯ ನಕಲಿನೊಂದಿಗೆ ಶಿರಸಿಯ ಡಿಡಿಪಿಐಗೆ ಹಾಗೂ ಜಿಲ್ಲಾ ಪಂಚಾಯತ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ. ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಕೊಟ್ಟ ಲಿಖಿತ ದೂರು ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕು. ಅರ್ಜಿಯ ತಲೆಬರಹದಲ್ಲೇ ‘ಕಲಂ 32ರ ಅಡಿಯ ದೂರು’ ಎಂದು ಬರೆಯಿರಿ. ಅಲ್ಲಿಂದ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಇಲಾಖೆ ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಮಕ್ಕಳ ಸಂಖ್ಯೆ ಸರಿಯಾಗಿ ಏರಿರುವುದಿಲ್ಲ. ಹೊಸದಾಗಿ ಸೇರಿದ ಮಕ್ಕಳ ವಿವರ ತುಂಬದೆ ಬಿಟ್ಟಿದ್ದರೆ ಮೇಲಿನ ಕಚೇರಿಗೆ ನಿಮ್ಮ ಶಾಲೆ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಹೆಚ್ಚುವರಿ ಶಿಕ್ಷಕರ ಲೆಕ್ಕ ಹಾಕುವುದು, ಹುದ್ದೆ ಬೇರೆಡೆ ಒಯ್ಯುವುದು ಎಲ್ಲ ಆ ಅಂಕಿಯ ಮೇಲೇ. ಹಾಜರಿ ಪುಸ್ತಕದ ಸಂಖ್ಯೆ, ಎಸ್‌ಎಟಿಎಸ್ ಸಂಖ್ಯೆ ಒಂದೇ ಇದೆಯೇ ಎಂದು ಮುಖ್ಯಾಧ್ಯಾಪಕರ ಜತೆ ಕೂತು ನೋಡಿ.

ಇನ್ನು ಆ ಹುಡುಗಿಯ ವಿಷಯ. ಅತಿಥಿ ಶಿಕ್ಷಕರ ಮಂಜೂರಾತಿ ಸಿಕ್ಕರೆ ಅವಳೇ ಅರ್ಜಿ ಹಾಕಬಹುದು, ಗೌರವಧನ ಸರ್ಕಾರದ್ದು. ಅದಕ್ಕೂ ಮೊದಲು ಊರವರ ದುಡ್ಡಿನಲ್ಲಿ ಇಟ್ಟುಕೊಳ್ಳುವುದೇ ಆದರೆ, ‘ಹುದ್ದೆ ಭರ್ತಿಯಾಗುವ ತನಕ ಮಾತ್ರ, ಇದು ಖಾಲಿ ಹುದ್ದೆಗೆ ಪರ್ಯಾಯವಲ್ಲ’ ಎಂದು ಠರಾವಿನಲ್ಲಿ ದಾಖಲಿಸಿ. ಮನೆಗಿಷ್ಟು ಎಂದು ವಂತಿಗೆ ಕಡ್ಡಾಯ ಮಾಡಬೇಡಿ. 3ನೇ ಕಲಂ ಉಚಿತ ಶಿಕ್ಷಣದ್ದು. ಕೂಲಿಗೆ ಹೋಗುವ ಮನೆಯವರು ಕೊಡಲಾರದೆ ನಾಚಿ ಮಗುವನ್ನು ಶಾಲೆ ಬಿಡಿಸಿದರೆ 24 ಇದ್ದದ್ದು 23 ಆಗುತ್ತದೆ, ಶಾಲೆ ಮುಚ್ಚುವ ಮಾತು ಇನ್ನಷ್ಟು ಹತ್ತಿರ ಬರುತ್ತದೆ. ಶಿಕ್ಷಕರನ್ನು ಕೊಡುವುದು ಸರ್ಕಾರದ ಹೊಣೆ. ಆ ಹೊಣೆಯನ್ನು ಊರು ಸದ್ದಿಲ್ಲದೆ ಹೊತ್ತುಕೊಂಡರೆ ಹುದ್ದೆ ಖಾಲಿ ಇದೆ ಎಂಬುದೇ ಕಚೇರಿಯವರ ನೆನಪಿಗೆ ಬರುವುದಿಲ್ಲ.

ನಮ್ಮ ಶಾಲೆಯ ಎಸ್‌ಡಿಎಂಸಿ ಯಾವಾಗ ರಚನೆಯಾಯಿತೋ ನಮಗೆ ಗೊತ್ತಿಲ್ಲ. ಊರಿನ ಮುಖಂಡರೊಬ್ಬರು ಅಧ್ಯಕ್ಷರು, ಅವರ ಮಕ್ಕಳು ಈ ಶಾಲೆಯಲ್ಲಿ ಇಲ್ಲ. ನನ್ನನ್ನೂ ಸದಸ್ಯೆ ಎಂದು ಬರೆದುಕೊಂಡಿದ್ದಾರೆ. ಪುಸ್ತಕ ಮನೆಗೇ ಕಳಿಸಿ ಸಹಿ ತೆಗೆದುಕೊಳ್ಳುತ್ತಾರೆ. ನಾನು ಮೀನು ಮಾರುವವಳು, ಬೆಳಿಗ್ಗೆ ಸಭೆ ಇಟ್ಟರೆ ಹೋಗಲೂ ಆಗುವುದಿಲ್ಲ.
– ಒಬ್ಬ ತಾಯಿ, ಕುಮಟಾ ತಾಲೂಕು

ತಾಯಿ, ಓದದೆ ಸಹಿ ಹಾಕುವುದನ್ನು ಇವತ್ತಿನಿಂದಲೇ ನಿಲ್ಲಿಸಿ. ಆ ಸಹಿ ನಿಮ್ಮದು, ಅದರ ಕೆಳಗಿನ ಖರ್ಚಿಗೆ ಉತ್ತರ ಕೊಡಬೇಕಾದವರೂ ನೀವೇ.

ಕರ್ನಾಟಕದಲ್ಲಿ ಎಸ್‌ಡಿಎಂಸಿ ಬಂದದ್ದು 2001ರಲ್ಲಿ. ಡಾ. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ನಂತರ. ಆಮೇಲೆ ಬಂದ ಕಾಯ್ದೆಯ 21ನೇ ಕಲಂ ಇದಕ್ಕೆ ದೇಶಮಟ್ಟದ ಬಲ ಕೊಟ್ಟಿತು. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆ, ತಾಯಿ ಅಥವಾ ಪೋಷಕರಾಗಿರಬೇಕು. ಅರ್ಧದಷ್ಟು ಮಹಿಳೆಯರು. ಹಿಂದುಳಿದ, ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಮಕ್ಕಳ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ. ಅಧ್ಯಕ್ಷರು ಪಾಲಕರ ಪೈಕಿಯೇ ಆಯ್ಕೆಯಾಗಬೇಕು. ಮುಖ್ಯಾಧ್ಯಾಪಕರು ಸದಸ್ಯ ಕಾರ್ಯದರ್ಶಿ. ಮಕ್ಕಳೇ ಇಲ್ಲಿ ಓದದ ಮುಖಂಡರು ದಾನಿಗಳಾಗಿ, ಹಿತೈಷಿಗಳಾಗಿ ಇರಲಿ, ಅಧ್ಯಕ್ಷರಾಗುವಂತಿಲ್ಲ.

ಎಲ್ಲ ಪಾಲಕರ ಸಭೆ ಕರೆದು ಸಮಿತಿಯನ್ನು ಮರುರಚಿಸಬೇಕು ಎಂದು ಮುಖ್ಯಾಧ್ಯಾಪಕರಿಗೆ ಒಂದು ಅರ್ಜಿ ಕೊಡಿ. ಒಬ್ಬರೇ ಕೊಡಬೇಡಿ. ಹತ್ತಿಪ್ಪತ್ತು ಪಾಲಕರ ಸಹಿ ಇರಲಿ, ಬಿಇಒಗೆ ನಕಲು ಹೋಗಲಿ. ಸಭೆಯ ನೋಟಿಸು ಮಕ್ಕಳ ಕೈಯಲ್ಲಿ ಮನೆಗೆ ಬರಬೇಕು, ಶಾಲೆಯ ಗೋಡೆಗೂ ಅಂಟಿಸಬೇಕು. ಸಮಯವನ್ನೂ ಅರ್ಜಿಯಲ್ಲೇ ಕೇಳಿ. ಬೆಳಗಿನ ಮಾರುಕಟ್ಟೆ ಮುಗಿಸಿ ಬರುವ ಹೆಂಗಸರಿಗೆ ಮಧ್ಯಾಹ್ನ ಮೂರರ ನಂತರ ಅನುಕೂಲ. ಬೋಟಿಗೆ ಹೋಗುವ ತಂದೆಯಂದಿರು ಮನೆಯಲ್ಲಿ ಸಿಗುವುದು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ. ಶಾಲೆ ಶುರುವಾಗುವ ಕಾಲವೂ ಅದೇ, ಆದ್ದರಿಂದ ಕರಾವಳಿಯಲ್ಲಿ ರಚನಾ ಸಭೆಗೆ ಜೂನ್ ಒಳ್ಳೆಯ ತಿಂಗಳು. (ಘಟ್ಟದ ಮೇಲಿನವರು ಅಡಿಕೆ ಕೊಯ್ಲಿನ ದಿನಗಳಲ್ಲಿ ಸಭೆ ಇಟ್ಟು ‘ಪಾಲಕರಿಗೆ ಆಸಕ್ತಿಯೇ ಇಲ್ಲ’ ಎನ್ನುವುದೂ ಇದೇ ಬಗೆಯ ತಪ್ಪು.)

ಸಮಿತಿಗೆ ಬಂದ ಮೇಲೆ ನೋಡಬೇಕಾದದ್ದು ಮೂರು ಪುಸ್ತಕ: ನಡಾವಳಿ ಪುಸ್ತಕ, ನಗದು ಪುಸ್ತಕ, ಬ್ಯಾಂಕ್ ಪಾಸ್‌ಬುಕ್. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನದ ಅಳತೆ ಹೀಗಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದಕ್ಕೂ ಮೇಲೆ 1 ಲಕ್ಷ. ಇದರಲ್ಲಿ ಶೇ 10 ಸ್ವಚ್ಛತೆಗೆ ಮೀಸಲು. ನಿಮ್ಮ ಶಾಲೆಯಲ್ಲಿ 80 ಮಕ್ಕಳಿದ್ದರೆ 25,000 ಬರಬೇಕು, ಅದರಲ್ಲಿ 2,500 ಶೌಚಾಲಯ, ಕೈತೊಳೆಯುವ ಜಾಗ, ಸಾಬೂನು ಇಂಥದ್ದಕ್ಕೆ. ಅನುದಾನ ಕಂತಿನಲ್ಲಿ ಬರುವುದುಂಟು, ತಡವಾಗುವುದೂ ಉಂಟು. ಹಾಗಾಗಿ ಎಷ್ಟು ಬಂತು, ಯಾವ ದಿನ ಜಮಾ ಆಯಿತು ಎಂಬುದನ್ನು ಪಾಸ್‌ಬುಕ್ಕಿನಲ್ಲೇ ನೋಡಿ, ಬಾಯಿಮಾತಿನಲ್ಲಿ ಕೇಳಬೇಡಿ. ಅಧ್ಯಕ್ಷರಾದವರು ಖಾಲಿ ಚೆಕ್ಕಿಗೆ ಸಹಿ ಹಾಕಿ ಇಡಬಾರದು. ‘ಮಾಸ್ತರು ಒಳ್ಳೆಯವರು, ಪದೇ ಪದೇ ಕರೆಯುವುದು ಬೇಡ’ ಎಂಬ ಸದುದ್ದೇಶದಿಂದಲೇ ಇದು ಶುರುವಾಗುತ್ತದೆ. ಮುಂದೆ ಲೆಕ್ಕ ತಪ್ಪಿದಾಗ ಮಾಸ್ತರೂ ಸಿಕ್ಕಿಬೀಳುತ್ತಾರೆ, ಅಧ್ಯಕ್ಷರೂ.

ಸಮಿತಿಯ ಅತ್ಯಂತ ಮುಖ್ಯವಾದ ಕೆಲಸ ಶಾಲಾ ಅಭಿವೃದ್ಧಿ ಯೋಜನೆ. ಬಹಳ ಸಮಿತಿಗಳು ಇದನ್ನು ಹೋದ ವರ್ಷದ್ದನ್ನೇ ನಕಲು ಮಾಡಿ ಮುಗಿಸುತ್ತವೆ. 22ನೇ ಕಲಂ ಹೇಳುವುದೇನೆಂದರೆ, ಸರ್ಕಾರ ಕೊಡುವ ಅನುದಾನಕ್ಕೂ ಯೋಜನೆಗೂ ಈ ಕಾಗದವೇ ಆಧಾರ. ಮೂರು ವರ್ಷಕ್ಕೆ ಒಂದು ಯೋಜನೆ, ಅದರೊಳಗೆ ವರ್ಷಕ್ಕೊಂದು ಉಪಯೋಜನೆ. ಪ್ರತಿ ವರ್ಷ ತರಗತಿವಾರು ಎಷ್ಟು ಮಕ್ಕಳು ಬರುತ್ತಾರೆ ಎಂಬ ಅಂದಾಜು, ಬೇಕಾದ ಶಿಕ್ಷಕರು, ಬೇಕಾದ ಕೋಣೆ, ಶೌಚಾಲಯ, ನೀರು, ಪ್ರತಿಯೊಂದಕ್ಕೂ ಬೇಕಾದ ಹಣ. ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲೇ, ಅಂದರೆ ಡಿಸೆಂಬರ್ ಕೊನೆಯೊಳಗೆ ಸಿದ್ಧವಾಗಬೇಕು. ಅಂದಾಜಿಗೆ ಸುಲಭ ದಾರಿ ಇದೆ. ಅಂಗನವಾಡಿಯ ಪಟ್ಟಿ ತೆಗೆಸಿ, ಮುಂದಿನ ಜೂನಿಗೆ ಆರು ತುಂಬುವ ಮಕ್ಕಳೆಷ್ಟು ಎಂದು ಎಣಿಸಿ. ‘ಛಾವಣಿ ಸೋರುತ್ತಿದೆ’ ಎಂದು ಬರೆಯುವುದಕ್ಕಿಂತ ‘3ನೇ ತರಗತಿ ಕೋಣೆಯ ಪಶ್ಚಿಮದ ಗೋಡೆ ಬದಿ ಇಷ್ಟು ಹೆಂಚು ಒಡೆದಿವೆ, ಪಕಾಸು ಗೆದ್ದಲು ಹಿಡಿದಿದೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಕೋಣೆ ಬಳಸಲಾಗುತ್ತಿಲ್ಲ’ ಎಂದು ಬರೆದು, ಮಳೆಗಾಲದಲ್ಲೇ ತೆಗೆದ ಫೋಟೋ ಇಡಿ. ಡಿಸೆಂಬರಿನಲ್ಲಿ ನೋಡಲು ಬಂದ ಎಂಜಿನಿಯರಿಗೆ ಒಣಗಿದ ಗೋಡೆ ಮಾತ್ರ ಕಾಣುತ್ತದೆ.

ಬಿಸಿಯೂಟ ಸರಿಯಾಗಿದೆಯೋ ಇಲ್ಲವೋ ಎಂದು ಪಾಲಕರು ಹೇಗೆ ನೋಡುವುದು? ಸಾರು ನೀರಾಗಿರುತ್ತದೆ ಎಂದು ಮಗ ಹೇಳುತ್ತಾನೆ.
– ಅಂಕೋಲಾ

ಅಳತೆ ಗೊತ್ತಿದ್ದರೆ ನೋಡುವುದು ಕಷ್ಟವಲ್ಲ. 1ರಿಂದ 5ನೇ ತರಗತಿಯ ಒಂದು ಮಗುವಿಗೆ ದಿನಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. 6ರಿಂದ 8ಕ್ಕೆ ಅಕ್ಕಿ 150, ಬೇಳೆ 30, ತರಕಾರಿ 75, ಎಣ್ಣೆ 7.5 ಗ್ರಾಂ. ಎಲ್ಲ ಬೇಯಿಸುವ ಮೊದಲಿನ ತೂಕ. 40 ಚಿಕ್ಕ ಮಕ್ಕಳು ಹಾಜರಿದ್ದ ದಿನ 4 ಕಿಲೋ ಅಕ್ಕಿ, 800 ಗ್ರಾಂ ಬೇಳೆ, 2 ಕಿಲೋ ತರಕಾರಿ, 200 ಗ್ರಾಂ ಎಣ್ಣೆ ಹೊರಬರಬೇಕು. ಬೆಳಿಗ್ಗೆ ಹಾಜರಿ ಆದ ಕೂಡಲೆ ಹೋಗಿ ಬೇಳೆ ತೂಗುವುದನ್ನು ನೋಡಿ. ಬೆಂದ ಸಾರನ್ನು ನೋಡಿ ಲೆಕ್ಕ ಹೇಳಲು ಬರುವುದಿಲ್ಲ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ಪಾಲಕರೂ ಸರದಿಯಂತೆ ರುಚಿ ನೋಡಬಹುದು, ಸಮಿತಿ ವಾರದ ಸರದಿ ಪಟ್ಟಿ ಮಾಡಿಕೊಳ್ಳಲಿ.

ಸಾರು ನೀರಾಗುವುದಕ್ಕೆ ಕಾರಣ ಯಾವಾಗಲೂ ಕಳವಲ್ಲ. ಬೇಳೆ ಸರಬರಾಜು ತಡವಾಗಿ, ಇದ್ದದ್ದನ್ನೇ ತಿಂಗಳ ಕೊನೆಯವರೆಗೆ ಎಳೆಯುತ್ತಿರಬಹುದು. ದಾಸ್ತಾನು ಪುಸ್ತಕದಲ್ಲಿ ಅದು ಕಾಣುತ್ತದೆ. ಹಾಗಿದ್ದರೆ ಜಗಳ ಅಡುಗೆಯವರ ಹತ್ತಿರ ಅಲ್ಲ, ತಾಲೂಕಿನ ಅಕ್ಷರ ದಾಸೋಹ ಅಧಿಕಾರಿಯ ಹತ್ತಿರ. ಹಾಜರಿಗಿಂತ ಹೆಚ್ಚು ಮಕ್ಕಳ ಲೆಕ್ಕ ಬರೆದಿದ್ದರೆ ಅದು ಬೇರೆ ವಿಷಯ. ಆ ದಿನದ ತರಗತಿ ಹಾಜರಿ, ಊಟದ ಹಾಜರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕರಾವಳಿಯ ಮಳೆಗಾಲದಲ್ಲಿ ಇನ್ನೊಂದು ತೊಂದರೆ ಅಕ್ಕಿ ಮುಗ್ಗುವುದು. ಚೀಲ ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣಾದರೂ ದೂರ ಇರಲಿ, ಹಳೆಯ ಚೀಲ ಮೊದಲು ಖರ್ಚಾಗಲಿ.

ಖಾಸಗಿ ಶಾಲೆಯಿಂದ ಮಗಳನ್ನು ಬಿಡಿಸಿ 6ನೇ ತರಗತಿಗೆ ಸರ್ಕಾರಿ ಶಾಲೆಗೆ ಸೇರಿಸಬೇಕೆಂದಿದ್ದೇವೆ. ಫೀ ಬಾಕಿ ಇದೆ ಎಂದು ಟಿಸಿ ಕೊಡುತ್ತಿಲ್ಲ.
– ಹೊನ್ನಾವರ

ಟಿಸಿ ಬಂದಿಲ್ಲ ಎಂಬ ಕಾರಣಕ್ಕೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ತಡ ಮಾಡುವಂತೆಯೂ ಇಲ್ಲ. ಇದು 5ನೇ ಕಲಂ. ಮಗಳನ್ನು ಸೇರಿಸಿ, ಹಳೆಯ ಶಾಲೆಯಲ್ಲಿದ್ದ ಅವಳ ಎಸ್‌ಎಟಿಎಸ್ ಸಂಖ್ಯೆಯನ್ನು ಹೊಸ ಮುಖ್ಯಾಧ್ಯಾಪಕರಿಗೆ ಕೊಡಿ. ಆನ್‌ಲೈನಿನಲ್ಲಿ ಹಳೆಯ ಶಾಲೆ ಬಿಡುಗಡೆ ಮಾಡದಿದ್ದರೆ ಬಿಇಒಗೆ ಲಿಖಿತ ಅರ್ಜಿ ಕೊಡಿ. ಫೀ ಬಾಕಿ ಬೇರೆ ವ್ಯವಹಾರ, ಮಗುವಿನ ಓದನ್ನು ಅದಕ್ಕೆ ಒತ್ತೆ ಇಡುವಂತಿಲ್ಲ. ಇದೇ ತಾಲೂಕಿನ ಇನ್ನೊಬ್ಬರು ಶಾಲೆಯ ಪ್ರವೇಶಕ್ಕೆ ಸಂದರ್ಶನ, ಡೊನೇಶನ್ ಬಗ್ಗೆ ಕೇಳಿದ್ದಾರೆ. 13ನೇ ಕಲಂ ಪ್ರಕಾರ ಎರಡೂ ನಿಷಿದ್ಧ. ಡೊನೇಶನ್ ಪಡೆದರೆ ಅದರ ಹತ್ತು ಪಟ್ಟಿನವರೆಗೆ ದಂಡ. ಮಗುವನ್ನು ಅಥವಾ ಪಾಲಕರನ್ನು ಪರೀಕ್ಷಿಸಿ ಆರಿಸಿದರೆ ಮೊದಲ ಸಲ 25,000, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ, ಕೊಟ್ಟ ಮೇಲೆ ಸಾಬೀತು ಮಾಡಲು ಏನೂ ಉಳಿಯುವುದಿಲ್ಲ.

ನಮ್ಮ ಮಜರೆಯಿಂದ ಶಾಲೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಮಳೆಗಾಲದಲ್ಲಿ ಮಕ್ಕಳು ವಾರಗಟ್ಟಲೆ ಮನೆಯಲ್ಲೇ. ಇದಕ್ಕೆ ಯಾರು ಹೊಣೆ?
– ಜೋಯಿಡಾ

ಸರ್ಕಾರವೇ ಹೊಣೆ. 1ರಿಂದ 5ಕ್ಕೆ 1 ಕಿಲೋಮೀಟರ್, 6ರಿಂದ 8ಕ್ಕೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮದ ಅಳತೆ. ಪ್ರವಾಹ, ಭೂಕುಸಿತ, ರಸ್ತೆ ಇಲ್ಲದಿರುವುದು ಇಂಥ ಕಡೆ ಆ ಅಳತೆಯನ್ನೇ ಕಡಿಮೆ ಮಾಡಿ ನೋಡಬೇಕು. ಶಾಲೆ ಕೊಡಲಾಗದಷ್ಟು ಚಿಕ್ಕ ಮಜರೆಯಾದರೆ ಉಚಿತ ಸಾರಿಗೆಯನ್ನೋ ವಸತಿಯನ್ನೋ ಒದಗಿಸಬೇಕು. ದೂರವನ್ನು ಗೂಗಲ್ ಮ್ಯಾಪಿನ ನೇರ ಗೆರೆಯಲ್ಲಿ ಅಳೆಯಲು ಬಿಡಬೇಡಿ. ಹಳ್ಳ ತುಂಬಿದಾಗ ಮಕ್ಕಳು ನಿಜವಾಗಿ ನಡೆಯುವ ಸುತ್ತುದಾರಿಯನ್ನು ಅಳೆದು ಬರೆಯಿರಿ.

ಕಾಲುಸಂಕದ ಬೇಡಿಕೆ ಗ್ರಾಮಸಭೆಯಲ್ಲಿ ಬರಲಿ, ಪಂಚಾಯಿತಿಯ ಕ್ರಿಯಾಯೋಜನೆ ಮಾಡುವ ಮೊದಲೇ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎದ್ದು ಹೇಳಿದರೆ ಅದೂ ನಡಾವಳಿಗೆ ಸೇರಬೇಕು, ಸೇರಿದೆಯೇ ಎಂದು ನೋಡಿ. ಜಾಗ ಅರಣ್ಯಕ್ಕೆ ಸೇರಿದ್ದರೆ ಕಾಮಗಾರಿ ಅಲ್ಲೇ ನಿಲ್ಲುತ್ತದೆ. ಜೋಯಿಡಾದಲ್ಲಿ ಇದೇ ದೊಡ್ಡ ತೊಡಕು. ಹಾಗಾಗಿ ಬೇಡಿಕೆಯ ಜತೆಯಲ್ಲೇ ಆ ಜಾಗದ ಸರ್ವೆ ನಂಬರು ಬರೆದು ಅರಣ್ಯ ಇಲಾಖೆಯ ಅನುಮತಿಗೂ ಅದೇ ಸಭೆಯಲ್ಲಿ ಠರಾವು ಮಾಡಿಸಿ. ಅದಾಗುವ ತನಕ, ಗೈರಾದ ದಿನಗಳಿಗೆ ಪಾಠ ತುಂಬಿಸಿಕೊಡಲು ಶಾಲೆಯನ್ನು ಕೇಳಿ. ವರ್ಷಕ್ಕೆ 1ರಿಂದ 5ಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಲೇಬೇಕು. ಮಳೆಯ ರಜೆಗಳನ್ನು ಶನಿವಾರ ಮಧ್ಯಾಹ್ನವೋ ರಜಾದಿನವೋ ಸರಿದೂಗಿಸುವಾಗ ನಿಮ್ಮ ಮಕ್ಕಳ ಗೈರೂ ಲೆಕ್ಕಕ್ಕೆ ಬರಲಿ.

ಮನೆಯಲ್ಲಿ ಕೊಂಕಣಿ. ಪಕ್ಕದವರೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದಾರೆ. ಮಾಧ್ಯಮವನ್ನು ಸರ್ಕಾರ ನಿರ್ಧರಿಸುತ್ತದೋ ನಾವೋ?
– ಕಾರವಾರ

ನೀವೇ. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಕರ್ನಾಟಕದ ಪ್ರಕರಣದಲ್ಲೇ 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿ ಕಲಿಸಿ ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವೂ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮ ಇರಲಿ ಎಂದಿದೆ. ಅದು ಶಿಫಾರಸು.

ನಮ್ಮ ಅಭಿಪ್ರಾಯ ಕೇಳಿದರೆ, ಕಾರವಾರದ ಮಗು ಕೊಂಕಣಿಯ ಜತೆ ಬೀದಿಯಲ್ಲಿ, ಅಂಗಡಿಯಲ್ಲಿ ಕನ್ನಡವನ್ನೂ ಕೇಳಿ ಬೆಳೆಯುತ್ತದೆ. ಹಾಗಾಗಿ ಕನ್ನಡದಲ್ಲಿ ಲೆಕ್ಕ, ಪರಿಸರ ಕಲಿಯುವುದು ಅದಕ್ಕೆ ಹತ್ತಿರ. ಇಂಗ್ಲಿಷ್ ಬೇಕೇ ಬೇಕು, ಭಾಷೆಯಾಗಿ ಚೆನ್ನಾಗಿ ಕಲಿಸುವ ಶಾಲೆ ಹುಡುಕಿ. ಬೋರ್ಡಿನ ಮೇಲಿನ ಮಾಧ್ಯಮ ನೋಡಿ ನಿರ್ಧರಿಸಬೇಡಿ. 3ನೇ ತರಗತಿಯಲ್ಲಿ ಅರ್ಧ ಗಂಟೆ ಕೂರಲು ಅನುಮತಿ ಕೇಳಿ, ಮಕ್ಕಳು ಪ್ರಶ್ನೆ ಕೇಳುತ್ತಾರೋ, ಒಟ್ಟಾಗಿ ಹೇಳಿದ್ದನ್ನೇ ಹೇಳುತ್ತಾರೋ ನೋಡಿ.

ಮಗ 4ನೇ ತರಗತಿ. ಓದಲು ಬರುವುದಿಲ್ಲ. ಸರ್ ಹತ್ತಿರ ಕೇಳಿದರೆ ‘ಮನೆಯಲ್ಲಿ ಓದಿಸಿ’ ಎನ್ನುತ್ತಾರೆ. ನಾವು ಓದಿದವರಲ್ಲ.
– ಮುಂಡಗೋಡ

ಓದಿಸುವುದು ಶಾಲೆಯ ಕೆಲಸ. ಪ್ರತಿ ಮಗುವಿನ ಕಲಿಕೆ ಅಳೆದು, ಹಿಂದುಳಿದವರಿಗೆ ಹೆಚ್ಚುವರಿ ಪಾಠ ಮಾಡುವುದು, ಹಾಜರಿ ಮತ್ತು ಕಲಿಕೆಯ ಬಗ್ಗೆ ಪಾಲಕರ ಜತೆ ನಿಯಮಿತವಾಗಿ ಕೂರುವುದು ಇವು 24ನೇ ಕಲಂ ಶಿಕ್ಷಕರಿಗೆ ವಿಧಿಸಿದ ಕರ್ತವ್ಯ. ಹಾಗೆಂದು ಜಗಳಕ್ಕೆ ಹೋಗಬೇಡಿ. ಐದು ತರಗತಿ ಒಟ್ಟಿಗೆ ನೋಡುವ ಶಿಕ್ಷಕರ ಕಷ್ಟವೂ ನಿಜವೇ.

ಮುಂದಿನ ಸಭೆಯಲ್ಲಿ ಮಗನನ್ನು ಕೂರಿಸಿಕೊಂಡು 2ನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಲು ಹೇಳಿ. ಎಲ್ಲಿ ತಡೆಯುತ್ತಾನೆ ಎಂದು ಶಿಕ್ಷಕರಿಂದಲೇ ತಿಳಿದುಕೊಳ್ಳಿ: ಮೂಲಾಕ್ಷರವೇ ಗುರುತು ಸಿಗದೆಯೋ, ಕಾಗುಣಿತದಲ್ಲೋ, ಒತ್ತಕ್ಷರದಲ್ಲೋ. ಮೂರಕ್ಕೂ ಮದ್ದು ಬೇರೆ. ಕಾಗುಣಿತದಲ್ಲಿ ತಡೆಯುವ ಮಗುವಿಗೆ ಪಾಠ ಪೂರ್ತಿ ಬರೆಸಿದರೆ ಅದು ಚಿತ್ರ ಬಿಡಿಸಿದಂತೆ ನಕಲು ಮಾಡುತ್ತದೆ, ಓದು ಬರುವುದಿಲ್ಲ. ತಡೆಯುವ ಜಾಗ ಗೊತ್ತಾದ ಮೇಲೆ ದಿನಕ್ಕೆ 20 ನಿಮಿಷ ಅದಕ್ಕೇ ಕೊಡಿ ಎಂದು ಕೇಳಿ, ತಿಂಗಳ ನಂತರ ಅದೇ ಪುಟ ಮತ್ತೆ ಓದಿಸಿ. ಜತೆಗೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಹಿಂದಿನ ಬೆಂಚಿನಲ್ಲಿ ಕೂತ ಮಗುವಿಗೆ ಬೋರ್ಡೇ ಕಾಣದಿರುವುದು ಅಪರೂಪವಲ್ಲ. ಮನೆಯಲ್ಲಿ ನಿಮ್ಮ ಪಾಲು ಇಷ್ಟೇ: ದಿನವೂ ಶಾಲೆಗೆ ಕಳಿಸುವುದು, ಸಂಜೆ ಅವನು ಓದಿದ್ದನ್ನು ಕೂತು ಕೇಳುವುದು. ಕೇಳಲು ಅಕ್ಷರ ಬರಬೇಕೆಂದಿಲ್ಲ.